ಹಲ್ಲುನೋವು ಕಾಯಿಲೆಯಲ್ಲ

1981ನೇ ಇಸವಿ ಜುಲೈ 7, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ತುಮಕೂರಿನ ಕೋಟೆಬೀದಿ ಠಾಣೆಗೆ ರೇವಮ್ಮ ಎಂಬ ಹೆಂಗಸು ಬಂದು, ತನ್ನ ಗಂಡ ಸೋಮವಾರ ಸಂತೆಗೆ ಹೋದವನು ಇನ್ನೂ ಮನೆಗೆ ಬಂದಿಲ್ಲ ಎಂದಳು. ಗಂಡಸರು ಒಂದು ರಾತ್ರಿ ಮನೆಗೆ ಬಾರದಿರುವುದು ಠಾಣೆಯವರ ಮಟ್ಟಿಗೆ ದೂರೇ ಅಲ್ಲ. ಹೆಡ್ ಕಾನ್ಸ್‌ಟೇಬಲ್ ಅಂಜನಮೂರ್ತಿ ತಲೆಯೆತ್ತದೆ ಬೆಂಚು ತೋರಿಸಿದ. ಅವಳು ಕೂರಲಿಲ್ಲ.

"ನನ್ ಗಂಡ ಕುಡಿಯೋನಲ್ಲ ಸ್ವಾಮಿ. ಸಂತೆ ಮುಗೀತಿದ್ದಂಗೆ ಬಸ್ ಹತ್ತೋನು."

"ಏನ್ ಕೆಲ್ಸ?"

"ಹಲ್ಲು ಕೀಳೋದು, ಹಲ್ಲು ಕಟ್ಟೋದು. ಬಸ್‌ಸ್ಟ್ಯಾಂಡ್ ಹಿಂದೆ ಫುಟ್‌ಪಾತ್ ಮೇಲೆ ಕೂತ್ಕೋತಾನೆ. ಸೋಮವಾರ ಗುಬ್ಬಿ ಸಂತೆ. ರಾಮಾಂಜಿನಯ್ಯ ಅಂತ."

ಹಲ್ಲಿನ ಮಾತು ಕಿವಿಗೆ ಬಿದ್ದು ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಶ್ರೀಕಂಠಯ್ಯ ಎದ್ದು ಬಂದರು. ಅವರ ಎಡಗೆನ್ನೆಯೊಳಗೆ ಒಂದು ಲವಂಗ ಇತ್ತು. ನಾಲ್ಕು ವರ್ಷದಿಂದ ಆ ಜಾಗದಲ್ಲಿ ಲವಂಗ ಇಲ್ಲದ ದಿನವಿಲ್ಲ. ವಸಡು ಊದಿ, ಉಜ್ಜಿದರೆ ರಕ್ತ, ಒತ್ತಿದರೆ ಕೀವು. ಇದು ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತುಮಕೂರಿನ ಕಡೆ ಹಲ್ಲಿಲ್ಲದವನು ವರ್ಷಗಟ್ಟಲೆ ಗುಟ್ಟು ಕಾಪಾಡಿಕೊಳ್ಳಬಹುದು, ಯಾಕೆಂದರೆ ಇಲ್ಲಿ ಹೊಟ್ಟೆ ತುಂಬಿಸುವ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಶ್ರೀಕಂಠಯ್ಯನವರು ಮೂರು ಸಲ ಬೆಂಗಳೂರಿನ ಹಲ್ಲಿನ ಆಸ್ಪತ್ರೆಗೆ ಹೋಗಿ ವಸಡು ಕ್ಲೀನ್ ಮಾಡಿಸಿಕೊಂಡು ಬಂದಿದ್ದರು. ಮೂರು ಸಲವೂ ಠಾಣೆಯ ದಿನಚರಿಯಲ್ಲಿ ‘ಹೈಕೋರ್ಟ್ ಕೆಲಸ’ ಎಂದು ಬರೆದಿದ್ದರು.

ರೇವಮ್ಮನ ಹೇಳಿಕೆ ಬರೆದುಕೊಂಡು ಮುಗಿಸುವಷ್ಟರಲ್ಲಿ 11 ಗಂಟೆ. ಅರ್ಧ ಗಂಟೆ ಕಳೆದಿರಲಿಲ್ಲ, ಕುರಿ ಕಾಯುವವನೊಬ್ಬ ಓಡಿ ಬಂದ. ಗುಬ್ಬಿ ರಸ್ತೆಯಲ್ಲಿ ಠಾಣೆಯ ಸರಹದ್ದು ಮುಗಿಯುವ ಕಡೆ ಒಂದು ಪಾಳುಬಿದ್ದ ಇಟ್ಟಿಗೆ ಗೂಡು ಇದೆ. ಅದರೊಳಗೆ ಯಾರೋ ನರಳುತ್ತಿದ್ದಾರೆ ಎಂದ.

ಜೀಪು ಅಲ್ಲಿ ತಲುಪಿದ್ದು 12 ಗಂಟೆ 15 ನಿಮಿಷಕ್ಕೆ. ರಾಮಾಂಜಿನಯ್ಯನನ್ನು ಮರದ ಕಂಬಕ್ಕೆ ತೆಂಗಿನ ಹುರಿಯಿಂದ ಕಟ್ಟಿ ಹಾಕಿದ್ದರು. ಜೀವವಿತ್ತು. ಬಾಯಿ ಮಾತ್ರ ಬಾಯಿಯಾಗಿ ಉಳಿದಿರಲಿಲ್ಲ. ಅವನ ಮುಂದೆ ಅವನದೇ ಕೆಂಪು ಬಟ್ಟೆ ಹಾಸಿತ್ತು. ಸಂತೆಯಲ್ಲಿ ತಾನು ಕಿತ್ತ ಹಲ್ಲುಗಳನ್ನು ಜನರಿಗೆ ತೋರಿಸಲು ಅವನು ಹಾಸುತ್ತಿದ್ದ ಬಟ್ಟೆ ಅದು. ಇವತ್ತು ಅದರ ಮೇಲೆ ಹನ್ನೊಂದು ಹಲ್ಲುಗಳನ್ನು ಸಾಲಾಗಿ, ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಎಲ್ಲದರ ಮೇಲೂ ಒಣಗಿದ ರಕ್ತ. ಆರು ಹಲ್ಲು ಅರ್ಧಕ್ಕೇ ಮುರಿದಿದ್ದವು.

ಶ್ರೀಕಂಠಯ್ಯನವರ ನಾಲಗೆ ತಾನಾಗಿಯೇ ಹೋಗಿ ಅವರ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡಿತು.

ಪಂಚರ ಸಮಕ್ಷಮ ಮಹಜರು 12.50ರಿಂದ 1.40ರವರೆಗೆ ನಡೆಯಿತು. ಪಂಚನಾಮೆಯಲ್ಲಿ ಬರೆದದ್ದು: ಹಲ್ಲು ಕೀಳುವ ಇಕ್ಕಳ ಒಂದು, ರಕ್ತ ಅಂಟಿದೆ. ತೆಂಗಿನ ಹುರಿ, ಉದ್ದ ಎರಡು ಗಜ. ಕೆಂಪು ಬಟ್ಟೆ. ಹಲ್ಲು ಹನ್ನೊಂದು. ಗಾಯಾಳುವಿನ ಗಂಟು, ಬಿಚ್ಚಿ ಏನನ್ನೋ ಹುಡುಕಿದಂತಿದೆ, ಒಳಗಿದ್ದ ಹಳೆಯ ಹಲ್ಲುಗಳು ಚೆಲ್ಲಾಡಿವೆ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಒಂದು, ಅಗಲ ಅರ್ಧ ಇಂಚು.

ರಬ್ಬರನ್ನು ಕವರಿಗೆ ಹಾಕುವ ಮುಂಚೆ ಶ್ರೀಕಂಠಯ್ಯ ಮೂಗಿನ ಹತ್ತಿರ ಹಿಡಿದರು. ಲವಂಗದ ಎಣ್ಣೆಯ ವಾಸನೆ. ಹಲ್ಲಿನವನ ಸಾಮಾನಿನಲ್ಲಿ ಲವಂಗದ ಎಣ್ಣೆಯಲ್ಲದೆ ಇನ್ನೇನು ಇರುತ್ತದೆ ಎಂದುಕೊಂಡು ಕವರು ಅಂಟಿಸಿದರು.

ಕ್ರೈಂ ನಂಬರ್ 94/81, ಭಾರತ ದಂಡ ಸಂಹಿತೆ ಕಲಂ 326, 342. ಎಫ್.ಐ.ಆರ್. ಮ್ಯಾಜಿಸ್ಟ್ರೇಟರಿಗೆ ಹೋಯಿತು. ತೀವ್ರ ಗಾಯ ಅಂದರೆ ಏನು ಎಂದು ಹೇಳುವ 320ನೇ ಕಲಮು ಹಲ್ಲನ್ನೂ ಮೂಳೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಮೂಳೆ ಮುರಿದರೂ ಅದೇ, ಹಲ್ಲು ಮುರಿದರೂ ಅದೇ. ಬ್ರಿಟಿಷರಿಗೆ ಇದ್ದ ಈ ಬುದ್ಧಿ ನಮ್ಮ ಇಲಾಖೆಗೆ ಇರಲಿಲ್ಲ ಅನ್ನುವುದು ಈ ಕೇಸು ಮುಗಿಯುವಾಗ ಗೊತ್ತಾಗುತ್ತದೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಜಯರಾಮಯ್ಯ ನೋಡಿ, ಜೀವಕ್ಕೆ ಭಯವಿಲ್ಲ, ದವಡೆ ಬಿರುಕು ಬಿಟ್ಟಿದೆ, ಒಂದು ವಾರ ಮಾತು ಆಗದು ಎಂದರು. ಬರೆದು ತೋರಿಸಲು ರಾಮಾಂಜಿನಯ್ಯನಿಗೆ ಅಕ್ಷರ ಬರದು. ಹೊಡೆದವನು ಮತ್ತೆ ಬರಬಹುದು, ಹಾಸಿಗೆಯ ಪಕ್ಕ ಕಾವಲು ಬೇಕು.

ಶ್ರೀಕಂಠಯ್ಯನವರು ಡ್ಯೂಟಿ ಪಟ್ಟಿ ನೋಡಿ 412ನೇ ನಂಬರಿನ ಕಾನ್ಸ್‌ಟೇಬಲ್ ಮೂಡಲಗಿರಿಯಪ್ಪನನ್ನು ಹಾಕಿದರು. ಮೂಡಲಗಿರಿಯಪ್ಪನಿಗೆ ನಲವತ್ತೇಳು ವರ್ಷ, ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವನು. ಅವನ ವಸಡಿನ ವಿಷಯ ಮಾತ್ರ ಠಾಣೆಗೆಲ್ಲ ಗೊತ್ತಿತ್ತು, ಅವನು ಬಾಯಿ ತೆರೆದರೆ ಎರಡು ಮಾರು ದೂರಕ್ಕೆ ಗೊತ್ತಾಗುತ್ತಿತ್ತು. ಜೀಪಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮೆಸ್ಸಿನಲ್ಲಿ ಅವನ ಲೋಟ ಬೇರೆ. ವಿಷಲ್ ಊದಲಾಗದೆ ಟ್ರಾಫಿಕ್ ಪಾಯಿಂಟ್ ಹೋಯಿತು, ಕವಾಯತಿನ ಆಜ್ಞೆ ಕೂಗಿ ಹೇಳಲಾಗದೆ ಹೆಡ್ ಕಾನ್ಸ್‌ಟೇಬಲ್ ಪರೀಕ್ಷೆ ಹೋಯಿತು. ಹಬ್ಬಕ್ಕೆ ಊರಿಗೆ ಹೋದರೆ ಹೆಂಡತಿ ಜಗುಲಿಯ ಮೇಲೆ ಚಾಪೆ ಹಾಸಿಕೊಡುತ್ತಿದ್ದಳು. ಅಂಜನಮೂರ್ತಿ ಅವನನ್ನು ಎಲ್ಲರೆದುರಿಗೆ ‘ಮೋರಿಯಪ್ಪ’ ಎಂದು ಕರೆಯುತ್ತಿದ್ದ. ಇಡೀ ಠಾಣೆ ನಗುತ್ತಿತ್ತು. ಶ್ರೀಕಂಠಯ್ಯನವರೂ ಒಂದೆರಡು ಸಲ ನಕ್ಕಿದ್ದರು, ಬಾಯಿ ಮುಚ್ಚಿಕೊಂಡು.

ಇವತ್ತು ಕನಿಕರ ಬಂತು. ತಮ್ಮದೇ ನೋವು ಇನ್ನೊಬ್ಬನ ಬಾಯಲ್ಲಿ ಕಂಡಿತು.

"ಹೋಗ್ರೀ, ಸ್ಟೂಲ್ ಮೇಲೆ ಕೂತಿರಿ. ಮಾತಾಡೋ ಕೆಲ್ಸ ಇಲ್ಲ, ಊದೋ ಕೆಲ್ಸ ಇಲ್ಲ."

ಮೂಡಲಗಿರಿಯಪ್ಪ ಎಡಗೈಯಿಂದ ಬಾಯಿ ಮುಚ್ಚಿಕೊಂಡು, "ಆಗ್ಲಿ ಸಾರ್" ಎಂದ. ಸೆಲ್ಯೂಟ್ ಹೊಡೆದು ಹೋದ.

ಬುಧವಾರ 8ನೇ ತಾರೀಖು ರೇವಮ್ಮನನ್ನು ಮತ್ತೆ ಕೇಳಿದಾಗ ಒಂದು ಹೆಸರು ಸಿಕ್ಕಿತು. ಕುಣಿಗಲ್ಲಿನ ಸಿದ್ದಯ್ಯ. ಅವನದೂ ಹಲ್ಲಿನ ಕಸುಬು. ಗುಬ್ಬಿ ಸಂತೆಯಲ್ಲಿ ಹುಣಸೆಮರದ ನೆರಳಿನ ಜಾಗ ತನ್ನದು ತನ್ನದು ಎಂದು ಇಬ್ಬರೂ ಹಿಂದಿನ ತಿಂಗಳು ಕೈ ಕೈ ಮಿಲಾಯಿಸಿದ್ದರು. ಮಧ್ಯಾಹ್ನ ಅಂಜನಮೂರ್ತಿ ಕುಣಿಗಲ್ಲಿಗೆ ಹೋಗಿ, ಕೆರೆ ಏರಿಯ ಹತ್ತಿರ ಸಿದ್ದಯ್ಯನನ್ನು ಹಿಡಿದು ತಂದ. ಅವನ ಸೈಕಲ್ಲೂ ಬಂತು. ಕ್ಯಾರಿಯರ್‌ಗೆ ಟ್ಯೂಬಿನ ರಬ್ಬರು ಸುತ್ತಿತ್ತು. ಅಂಜನಮೂರ್ತಿಗೆ ಇಷ್ಟು ಸಾಕು.

"ಎಲ್ಲಿದ್ಯೋ ಸೋಮವಾರ ಸಂಜೆ?"

"ಸಂತೆ ಮುಗಿಸ್ಕಂಡು ಕುಣಿಗಲ್ ಬಸ್ ಹತ್ತಿದೆ ಸ್ವಾಮಿ."

"ಯಾರ್ ನೋಡವ್ರೆ?"

"ಬಸ್‌ನೋರು ನೋಡವ್ರೆ."

"ಹೆಸ್ರು ಹೇಳ್ಲಾ."

ಬಸ್ಸಿನಲ್ಲಿ ಬಂದವರ ಹೆಸರು ಯಾರಿಗೆ ಗೊತ್ತಿರುತ್ತದೆ? ಗೊತ್ತಿಲ್ಲದ್ದಕ್ಕೆ ಏಟು ಬಿತ್ತು. ಶ್ರೀಕಂಠಯ್ಯನವರು ಪಕ್ಕದ ಕೋಣೆಯಲ್ಲಿ ಕೇಸ್ ಡೈರಿ ಬರೆಯುತ್ತಿದ್ದರು. ಗೋಡೆಯಾಚೆಯ ಸದ್ದು ಕೇಳುತ್ತಿತ್ತು. "ಮುಖಕ್ಕೆ ಹೊಡೀಬೇಡ್ರೀ" ಎಂದು ಅವರು ಕೂಗುವಷ್ಟರಲ್ಲಿ ತಡವಾಗಿತ್ತು. ಒಳಗೆ ಹೋಗಿ ನೋಡಿದರೆ ಸಿದ್ದಯ್ಯ ಅಂಗೈಯಲ್ಲಿ ಎರಡು ಹಲ್ಲು ಹಿಡಿದುಕೊಂಡು, ಕಸುಬಿನವನ ಕಣ್ಣಿನಿಂದ ಅವನ್ನೇ ತಿರುಗಿಸಿ ನೋಡುತ್ತಿದ್ದ.

"ಸ್ವಾಮಿ, ಒಂದ್ ಮಾತು" ಎಂದ. "ಅವ್ನ ಹಲ್ಲು ಅರ್ಧ ಮುರ್ದವೆ ಅಂತ ಇವ್ರೇ ಅಂದ್ರು. ನಾವು ಕಿತ್ರೆ ಬೇರು ಸಮೇತ ಬತ್ತದೆ. ಹಿಂಗೆ ಮುರ್ದೋನು ಕಸುಬು ಕಲ್ತೋನಲ್ಲ. ಸಿಟ್ಟಲ್ಲಿ ಎಳ್ದವ್ನೆ."

"ಬಾಯ್ಮುಚ್ಲಾ" ಎಂದ ಅಂಜನಮೂರ್ತಿ.

ಮಾತು ಸರಿಯಾಗಿಯೇ ಇತ್ತು. ಆದರೆ ಲಾಕಪ್ಪಿನೊಳಗಿದ್ದವನ ಬಾಯಿಂದ ಬಂದ ಸರಿಯಾದ ಮಾತಿಗೆ ಯಾವ ಠಾಣೆಯಲ್ಲಿ ಬೆಲೆ ಇದೆ? ಶುಕ್ರವಾರ ಬೆಳಿಗ್ಗೆ ದಸ್ತಗಿರಿ ಆದಂತೆ ಕಾಗದದಲ್ಲಿ ತೋರಿಸಿ, ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಎಂದು ನಿಶ್ಚಯವಾಯಿತು. ಅಷ್ಟರೊಳಗೆ ಬೇರೆ ಯಾರೂ ಸಿಗದಿದ್ದರೆ ಸಿದ್ದಯ್ಯ ಜೈಲಿಗೆ ಹೋಗುವುದು ಖಂಡಿತ. ಗುರುವಾರವಿಡೀ ಶ್ರೀಕಂಠಯ್ಯನವರು ಆ ‘ಸಿಟ್ಟಲ್ಲಿ ಎಳ್ದವ್ನೆ’ ಎನ್ನುವ ಮಾತನ್ನು ಲವಂಗದ ಜೊತೆ ಬಾಯಲ್ಲಿಟ್ಟುಕೊಂಡು ಓಡಾಡಿದರು.

ಶುಕ್ರವಾರ 10ನೇ ತಾರೀಖು, ಬೆಳಿಗ್ಗೆ 6.30. ವಾರದ ಪರೇಡು. ಇದಕ್ಕೆ ಆಸ್ಪತ್ರೆ ಕಾವಲಿನವನೂ ಬರಬೇಕು. ಅವನ ಬದಲು ಬೇರೊಬ್ಬ ಕಾನ್ಸ್‌ಟೇಬಲ್ ಎರಡು ಗಂಟೆ ಅಲ್ಲಿ ಕೂರುತ್ತಾನೆ. ಶ್ರೀಕಂಠಯ್ಯನವರು ಸಾಲಿನಲ್ಲಿ ನಡೆಯುತ್ತಾ ಬೆಲ್ಟು, ಬೂಟು, ವಿಷಲ್ ನೋಡುತ್ತಾ ಬಂದರು. ಮೂಡಲಗಿರಿಯಪ್ಪನ ಮುಂದೆ ನಿಂತರು.

ವಿಷಲ್ಲಿನ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಳೆ ಹಾಕಿತ್ತು. ಅಗಲ ಅರ್ಧ ಇಂಚು. ಅಂಚು ಹೊಸದಾಗಿ ಕತ್ತರಿಸಿದ್ದು, ಮೇಲೆ ಲವಂಗದ ಎಣ್ಣೆಯ ವಾಸನೆ.

"ಇದ್ಯಾಕ್ರೀ?"

"ಬರೀ ಕಬ್ಬಿಣ ಕಚ್ಚಿ ಹಿಡಿಯಕ್ಕಾಗಲ್ಲ ಸಾರ್. ಹಲ್ಲು ಅಲ್ಲಾಡ್ತವೆ."

"ಹೊಸ ರಬ್ಬರು. ಹಳೇದೆಲ್ಲಿ?"

"ಎಲ್ಲೋ ಬಿದ್ದೋಯ್ತು ಸಾರ್."

"ಊದ್ರಿ."

ಮೂಡಲಗಿರಿಯಪ್ಪ ಊದಿದ. ಸದ್ದು ಬರಲಿಲ್ಲ, ಎಂಜಲು ಬಂತು, ಅದರ ಜೊತೆ ಒಂದು ಎಳೆ ರಕ್ತ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶ್ರೀಕಂಠಯ್ಯನವರು ಮುಂದಿನವನ ಬೂಟು ನೋಡಲು ಹೋದರು. ಪರೇಡು ಮುಗಿದ ಮೇಲೆ ಅಂಜನಮೂರ್ತಿಯನ್ನು ಕರೆದು, 412ರವನನ್ನು ಮೈದಾನದಲ್ಲೇ ಹುಲ್ಲು ಕೀಳುವ ಫೆಟೀಗಿಗೆ ಹಾಕಿ, ನಾನು ಹೇಳುವವರೆಗೆ ಆಸ್ಪತ್ರೆಗೆ ಬಿಡಬೇಡಿ ಎಂದರು.

7.50ಕ್ಕೆ ಆಸ್ಪತ್ರೆ. ರೇವಮ್ಮ ಹಾಸಿಗೆಯ ಪಕ್ಕ ಕೂತು ಬಟ್ಟೆಯ ಬತ್ತಿಯಿಂದ ಗಂಡನ ಬಾಯಿಗೆ ಗಂಜಿ ಹಿಂಡುತ್ತಿದ್ದಳು.

"ಇವತ್ತು ಒಂದ್ ಲೋಟ ಕುಡುದ್ನು ಸ್ವಾಮಿ" ಎಂದಳು. "ಆ ವಯಸ್ಸಾದ ಪೊಲೀಸಪ್ಪ ಇದ್ರೆ ಬಾಯೇ ಬುಡಕಿಲ್ಲ. ನೀರೂ ಬ್ಯಾಡ ಅಂತಾನೆ. ಕಣ್ಮುಚ್ಕಂಡು ಗೋಡೆ ಕಡೆ ತಿರುಕ್ಕತಾನೆ."

"ಅವ್ನು ಏನಾದ್ರೂ ಅಂದ್ನಾ?"

"ಒಂದ್ ಮಾತಾಡಕಿಲ್ಲ. ಸುಮ್ನೆ ಕೂತಿರ್ತಾನೆ. ಆಗಾಗ ಇವ್ನ ಮಖದ್ ಹತ್ರ ಬಗ್ಗಿ ಬಾಯಿ ಅಗಲಿಸ್ತಾನೆ. ಆಕಳಿಸ್ತಾನೆ ಅಂದ್ಕಂಡಿದ್ದೆ."

ಶ್ರೀಕಂಠಯ್ಯನವರು ತಮ್ಮ ಜೇಬಿನಿಂದ ವಿಷಲ್ ತೆಗೆದು ರಾಮಾಂಜಿನಯ್ಯನ ಮುಂದೆ ಹಿಡಿದರು. ಅವನು ಅದನ್ನು ನೋಡಿದ. ಹಾಸಿಗೆಯಲ್ಲೇ ಉಚ್ಚೆ ಹುಯ್ದುಕೊಂಡ. ಮೂರು ಹಗಲು ಮೂರು ರಾತ್ರಿ ಈ ಮನುಷ್ಯನ ತಲೆದೆಸೆಯಲ್ಲಿ, ಅವನನ್ನು ಕಾಪಾಡಲೆಂದು, ಯಾರನ್ನು ಕೂರಿಸಿದ್ದೆ ಎಂದು ಇನ್ಸ್‌ಪೆಕ್ಟರಿಗೆ ಆಗ ಅರ್ಥವಾಯಿತು. ನಾಚಿಕೆಯಾಯಿತು. ನಾಚಿಕೆಪಟ್ಟುಕೊಂಡು ನಿಲ್ಲಲು ಹೊತ್ತಿರಲಿಲ್ಲ.

9 ಗಂಟೆಗೆ ಇಟ್ಟಿಗೆ ಗೂಡಿನ ಗೇಟು. ಅಲ್ಲಿ ಮಹಾಲಕ್ಷ್ಮಮ್ಮನ ಟೀ ಅಂಗಡಿ ಇದೆ. ಮಂಗಳವಾರ ಅಂಜನಮೂರ್ತಿ ಅವಳನ್ನು ಕೇಳಿದ್ದ, ಕಳ್ಳರು ಕಾಕರು ಯಾರಾದರೂ ಕಂಡರೇ ಎಂದು. ಇಲ್ಲ ಎಂದಿದ್ದಳು. ಶ್ರೀಕಂಠಯ್ಯನವರು ಬೇರೆ ಥರ ಕೇಳಿದರು.

"ಸೋಮವಾರ ಸಂಜೆ ಹಲ್ಲಿನೋನು ಇಲ್ಲಿ ಬಸ್ ಇಳಿದ್ನಾ?"

"ಇಳುದ್ನು. ಐದೂವರೆ ಬಸ್ಸು."

"ಜೊತೇಲಿ ಯಾರಿದ್ರು?"

ಅವಳು ಅವರನ್ನೇ ವಿಚಿತ್ರವಾಗಿ ನೋಡಿದಳು. "ನಿಮ್ಮೋರೇ ಅಲ್ವಾ ಕರ್ಕೊಂಡ್ ಹೋಗಿದ್ದು? ಯೂನಿಫಾರಂನಲ್ಲಿದ್ರು. ಅವ್ನು ಮುಂದೆ, ಅವ್ರು ಹಿಂದೆ. ಮತ್ತೆ ನಮ್ಮನ್ ಯಾಕ್ ಕೇಳ್ತೀರಾ?"

"ಮೊನ್ನೆ ಯಾಕಮ್ಮ ಹೇಳ್ಲಿಲ್ಲ?"

"ಕಳ್ರನ್ನ ಕಂಡ್ಯಾ ಅಂದ್ರು. ಪೊಲೀಸ್ನೋರನ್ನ ಕಂಡ್ಯಾ ಅಂತ ಕೇಳ್ಲಿಲ್ವಲ್ಲ."

10 ಗಂಟೆ 20 ನಿಮಿಷಕ್ಕೆ ಮೂಡಲಗಿರಿಯಪ್ಪನನ್ನು ಕೋಣೆಗೆ ಕರೆಸಿ, ರಬ್ಬರಿದ್ದ ಕವರನ್ನು ಮೇಜಿನ ಮೇಲಿಟ್ಟರು. ಅವನು ಅದನ್ನು ನೋಡಿ, ಟೋಪಿ ತೆಗೆದು ಪಕ್ಕದಲ್ಲಿಟ್ಟ. ಬಾಯಿ ಮುಚ್ಚುವ ಕೈಯನ್ನೂ ಮೊದಲ ಸಲ ಕೆಳಗಿಳಿಸಿದ. ಕೋಣೆಯಲ್ಲಿ ವಾಸನೆ ಹಬ್ಬಿತು.

"ನೀವೇ ಏನ್ರೀ?"

"ನಾನೇ ಸಾರ್."

"ಅವ್ನು ನಿಮಗೇನ್ ಮಾಡಿದ್ದ?"

"ಮೇ ತಿಂಗಳಲ್ಲಿ ನಾಲ್ಕು ಹಲ್ಲು ಕಿತ್ತ ಸಾರ್. ಗುಬ್ಬಿ ಸಂತೇಲಿ. ಎರಡು ಅಲ್ಲಾಡ್ತಿದ್ವು. ಇನ್ನೆರಡು ಗಟ್ಟಿ ಇದ್ವು, ಅವನ್ನೂ ಕಿತ್ತ. ಅಲ್ಲಿಂದಾಚೆ ಕೀವು ನಿಂತೇ ಇಲ್ಲ."

"ಅದಕ್ಕೆ ಇಷ್ಟು ಮಾಡೋದೇ?"

"ಅದಕ್ಕಲ್ಲ ಸಾರ್. ಜೂನ್‌ನಲ್ಲಿ ವಾರದ ರಜಾಕ್ಕೆ ಊರಿಗೆ ಹೋಗೋವಾಗ ಸಂತೆಗೆ ಹೋಗಿದ್ದೆ. ನನ್ ಹಲ್ಲನ್ನ ಬಟ್ಟೆ ಮೇಲೆ ಇಟ್ಕಂಡು ಕೂಗ್ತಿದ್ದ. ಬನ್ನಿ, ಪೊಲೀಸಿನ ಹಲ್ಲು ನೋಡಿ, ಊರನ್ನೇ ನಡುಗಿಸೋರ ಹಲ್ಲು ನನ್ ಕೈಯಲ್ಲಿ ನಡುಗ್ತದೆ ಅಂತ. ಹಾಗಲವಾಡಿ ನಂಟ್ರು ನಿಂತು ನಗ್ತಿದ್ರು. ನಾನೇ ಒಂದ್ಸಲ ಜೈಲಿಗೆ ಕಳ್ಸಿದ್ ಜೇಬುಗಳ್ಳ ಅದನ್ನ ಕೈಗೆ ತಗಂಡು ಮೂಸಿ ನೋಡಿ, ಥೂ ಅಂದ."

ಮೂಡಲಗಿರಿಯಪ್ಪ ಬಾಯಿಯ ಅಂಚನ್ನು ತೋಳಿನಿಂದ ಒರೆಸಿಕೊಂಡು ಮುಂದುವರಿಸಿದ.

"ಈ ಸೋಮವಾರ ಸಂತೆ ಮುಗೀತಿದ್ದಂಗೆ ಹೋಗಿ, ಕೇಸಿದೆ ಬಾ ಅಂದೆ. ಸುಮ್ನೆ ಬಂದ. ಕಟ್ಟಿ ಹಾಕೋವರ್ಗೂ ಏನೂ ಅನ್ನಲಿಲ್ಲ. ಮೊದ್ಲು ನನ್ ನಾಲ್ಕು ಎತ್ಕಂಡೆ. ಆಮೇಲೆ ಅವ್ನವು. ನಾಲ್ಕೇ ಕೀಳ್ಬೇಕು ಅಂತಿದ್ದೆ ಸಾರ್. ನಿಲ್ಸಕ್ಕಾಗ್ಲಿಲ್ಲ."

"ಆಸ್ಪತ್ರೇಲಿ ಅವ್ನ ಮುಖದ ಹತ್ರ ಬಾಯಿ ತೆಗೀತಿದ್ರಂತೆ."

"ತೋರಿಸ್ತಿದ್ದೆ ಸಾರ್. ಅವ್ನ್ ಮಾಡಿದ್ ಕೆಲ್ಸ ಅವ್ನು ನೋಡ್ಲಿ ಅಂತ."

ಅವನು ತೋರಿಸಿಕೊಟ್ಟಂತೆ ಪೊಲೀಸ್ ಲೈನಿನ ಮನೆಯ ಟ್ರಂಕಿನಿಂದ ಒಂದು ನಸ್ಯದ ಡಬ್ಬಿಯನ್ನು ಪಂಚರ ಮುಂದೆ ವಶಪಡಿಸಿಕೊಂಡರು. ಒಳಗೆ ಹತ್ತಿಯಲ್ಲಿ ಸುತ್ತಿದ ನಾಲ್ಕು ಹಲ್ಲು. ದಸ್ತಗಿರಿ ಸಮಯ 11 ಗಂಟೆ 25 ನಿಮಿಷ. ಬೆಲ್ಟು, ಬಿಲ್ಲೆ, ವಿಷಲ್ ಬಿಚ್ಚಿಕೊಂಡರು.

ಸಿದ್ದಯ್ಯನನ್ನು ಬಿಟ್ಟರು. ಅವನನ್ನು ಹಿಡಿದ ಬಗ್ಗೆಯಾಗಲಿ, ಹೊಡೆದ ಬಗ್ಗೆಯಾಗಲಿ ಯಾವ ಪುಸ್ತಕದಲ್ಲೂ ಒಂದಕ್ಷರ ಇರಲಿಲ್ಲ, ಆದ್ದರಿಂದ ಬಿಟ್ಟದ್ದನ್ನೂ ಬರೆಯಬೇಕಾಗಿರಲಿಲ್ಲ. ಅವನ ಎರಡು ಹಲ್ಲಿಗೆ 320ನೇ ಕಲಮೂ ಇಲ್ಲ, 325ನೇ ಕಲಮೂ ಇಲ್ಲ. ಹೋಗುವಾಗ ಸೈಕಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಎರಡು ಹಲ್ಲು ನಾನೇ ಕಟ್ಕತೀನಿ ಬುಡಿ ಸ್ವಾಮಿ" ಎಂದ ಅಂಜನಮೂರ್ತಿಗೆ. "ನಿಮಗೂ ಯಾವತ್ತಾದ್ರೂ ನೋವು ಬಂದ್ರೆ ಕುಣಿಗಲ್‌ಗೆ ಬನ್ನಿ."

ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮುಂಚೆ ಡಾಕ್ಟರಿಗೆ ತೋರಿಸುವುದು ಪದ್ಧತಿ. ಶ್ರೀಕಂಠಯ್ಯನವರು ಚೀಟಿಗೆ ಸಹಿ ಹಾಕಿದರು, ಎರಡು ನಿಮಿಷ ಹಿಡಿಯಲಿಲ್ಲ. ಡಾಕ್ಟರ್ ಜಯರಾಮಯ್ಯ ಟಾರ್ಚ್ ಬಿಟ್ಟು ಮೂಡಲಗಿರಿಯಪ್ಪನ ಬಾಯಿ ನೋಡಿದರು, ಮುಖ ಆಚೆ ತಿರುಗಿಸಿದರು, ಮತ್ತೆ ನೋಡಿದರು.

"ಎಷ್ಟು ದಿನದಿಂದ ಇದು?"

"ಎರಡು ವರ್ಷ ಆಯ್ತು ಸಾರ್."

"ಮೊದ್ಲೇ ಬಂದಿದ್ರೆ ಮುಕ್ಕಾಲು ಹಲ್ಲು ಉಳೀತಿತ್ತಲ್ರೀ! ಇಲ್ಲೇ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹಲ್ಲಿನ ಡಾಕ್ಟರ್ ಬರ್ತಾರೆ, ಇವತ್ತೂ ಬಂದವ್ರೆ. ಯಾಕ್ ಬರ್ಲಿಲ್ಲ?"

"ಚೀಟಿ ಇರ್ಲಿಲ್ಲ ಸಾರ್."

ಅವನು ಹೇಳಿದ್ದು ಡಾಕ್ಟರಿಗೆ. ನೋಡಿದ್ದು ಇನ್ಸ್‌ಪೆಕ್ಟರ್ ಕಡೆಗೆ. ಡಾಕ್ಟರ್ ಬರೆದರು: ವಸಡಿನಲ್ಲಿ ಕೀವು, ಉಳಿದ ಹಲ್ಲುಗಳೂ ಸಡಿಲ, ಕಸ್ಟಡಿಗೆ ಫಿಟ್. ಮಧ್ಯಾಹ್ನ 3.30ಕ್ಕೆ ಮ್ಯಾಜಿಸ್ಟ್ರೇಟರು ಹದಿನೈದು ದಿನ ನ್ಯಾಯಾಂಗ ಬಂಧನ ಕೊಟ್ಟರು.

ಸಂಜೆ ಠಾಣೆಗೆ ಬಂದು ಶ್ರೀಕಂಠಯ್ಯನವರು 412ರ ಫೈಲು ತರಿಸಿಕೊಂಡರು. ಕಾನ್ಸ್‌ಟೇಬಲ್‌ಗೆ ಕಾಯಿಲೆಯಾದರೆ ಅವನು ತಾನೇ ಆಸ್ಪತ್ರೆಗೆ ಹೋಗುವಂತಿಲ್ಲ, ಠಾಣೆಯ ಅಧಿಕಾರಿ ಸಿಕ್ ಪಾಸ್‌ಪೋರ್ಟ್ ಎನ್ನುವ ಚೀಟಿ ಕೊಡಬೇಕು. ಚೀಟಿ ಇಲ್ಲದೆ ಹೋದರೆ ಗೈರುಹಾಜರಿ. ಫೈಲಿನಲ್ಲಿ ಆ ಚೀಟಿ ಬೇಡಿದ ಐದು ಅರ್ಜಿಗಳಿದ್ದವು. ಹದಿನಾಲ್ಕು ತಿಂಗಳಲ್ಲಿ ಐದು. ಮೊದಲನೆಯದರಲ್ಲಿ ‘ವಸಡಿನಿಂದ ರಕ್ತ ಬರುತ್ತಿರುವುದರಿಂದ’ ಎಂದಿತ್ತು. ಕೊನೆಯದು ಏಪ್ರಿಲ್‌ನದು, ರಾಮಾಂಜಿನಯ್ಯನ ಬಳಿ ಹೋಗುವ ಹದಿನೈದು ದಿನ ಮುಂಚಿನದು: ‘ಊಟ ಮಾಡಲು ಆಗುತ್ತಿಲ್ಲ, ದಯವಿಟ್ಟು.’ ಶುಕ್ರವಾರಕ್ಕೆ ಕೇಳಿದ್ದಕ್ಕೆ ‘ಪರೇಡ್ ಇದೆ’ ಎಂದು ಬರೆದಿತ್ತು. ಮಂಗಳವಾರಕ್ಕೆ ಕೇಳಿದ್ದಕ್ಕೆ ‘ಕೋರ್ಟ್ ಡ್ಯೂಟಿ ಇದೆ’ ಎಂದು. ಕೊನೆಯ ಅರ್ಜಿಯ ಮೇಲೆ ಹಸಿರು ಶಾಯಿಯಲ್ಲಿ, ದುಂಡಗೆ: ‘ಹಲ್ಲುನೋವು ಕಾಯಿಲೆಯಲ್ಲ.’ ಐದರ ಕೆಳಗೂ ಒಂದೇ ಸಹಿ. ಅದು ಶ್ರೀಕಂಠಯ್ಯನವರ ಸಹಿ.

ಆ ಏಪ್ರಿಲ್‌ನಲ್ಲೇ ಅವರು ಎರಡನೇ ಸಲ ಬೆಂಗಳೂರಿಗೆ ಹೋಗಿ ಬಂದಿದ್ದರು. ತನ್ನ ರೋಗವನ್ನು ಮುಚ್ಚಿಡಬೇಕಾಗಿದ್ದವನಿಗೆ ಇನ್ನೊಬ್ಬನ ರೋಗವನ್ನು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. ಒಂದು ಸಹಿ, ಒಂದು ಬೆಳಿಗ್ಗೆ, ಅಷ್ಟೇ ಬೇಕಾಗಿತ್ತು. ಅದು ಸಿಗದೆ ಹನ್ನೊಂದು ಹಲ್ಲು ಹೋದವು, ಸಿದ್ದಯ್ಯನವು ಎರಡು, ಮೂಡಲಗಿರಿಯಪ್ಪನ ಇಪ್ಪತ್ತೆರಡು ವರ್ಷದ ಸರ್ವೀಸು.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಅವರು ‘ಹಳೆಯ ವೈಯಕ್ತಿಕ ದ್ವೇಷ’ ಎಂದು ಬರೆದರು. ಐದು ಅರ್ಜಿಗಳನ್ನು ಫೈಲಿನಿಂದ ಬಿಡಿಸಿ, ಮಡಿಸಿ, ತಮ್ಮ ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಕೆನ್ನೆಯೊಳಗಿನ ಲವಂಗ ಸಪ್ಪೆಯಾಗಿತ್ತು. ಅದನ್ನು ಉಗಿದು ಹೊಸದೊಂದು ಇಟ್ಟುಕೊಂಡರು.

ಆಮೇಲೆ ಅಂಜನಮೂರ್ತಿಯನ್ನು ಕರೆದು, ಮುಂದಿನ ವಾರದ ಡ್ಯೂಟಿ ಪಟ್ಟಿಯಲ್ಲಿ ಮಂಗಳವಾರಕ್ಕೆ ತಮ್ಮ ಹೆಸರಿನ ಮುಂದೆ ಬರೆಯಲು ಹೇಳಿದರು: ಬೆಂಗಳೂರು, ಹೈಕೋರ್ಟ್ ಕೆಲಸ.